ಮೂರು ಸಾರಿ ಹೊಗಳಿದ ನಾಯಿ

೧೨ನೇ ಜನವರಿ ೧೯೦೯, ಮಂಗಳವಾರ. ನಂಜನಗೂಡು.

ಹಾಗಾದರೆ ಸ್ಪೇನಿಯಲ್ ನಾಯಿ ಬೇಡ. ನಿನ್ನೆ ಬರೆದದ್ದೆಲ್ಲ ರದ್ದು. ಡಾಕ್ಟರ್ ನಿಂಗರಾಜು ಆಸ್ಪತ್ರೆ ಜಗಲಿಯ ಮೇಲೆ ನಿಂತೇ ತೀರ್ಪು ಕೊಟ್ಟ — ಆ ಜಾತಿಗೆ ಕಿವಿ ಗೇಣುದ್ದ, ನಮ್ಮ ಸೀಮೆಯ ಉಣ್ಣಿಯೆಲ್ಲ ಅದರೊಳಗೆ ಸಂಸಾರ ಹೂಡುತ್ತದೆ, ಅಲ್ಲಿಂದ ಮಕ್ಕಳ ತಲೆಗೆ. ಬುಲ್‌ಡಾಗ್? ಎಂದೆ. “ಅದರ ಮುಖ ನೋಡಿ ನಿಮ್ಮ ಹುಡುಗನಿಗೆ ಜ್ವರ ಬರುತ್ತೆ ಕಣ್ರೀ. ಆಮೇಲೆ ನನ್ನ ಹತ್ರಾನೇ ಬರ್ತೀರಿ.” ನಕ್ಕ. ನಾನೂ ನಕ್ಕೆ. ನಗುವ ವಿಷಯವಲ್ಲ.

ಕಾಲೇಜಿನಲ್ಲಿ ಒಂದು ಲೆಸನ್ ಇತ್ತು. ದಿ ಡಾಗ್ ಈಸ್ ಎ ಸಗೇಶಸ್ ಕ್ವಾಡ್ರುಪೆಡ್, ಅಟ್ಯಾಚ್ಡ್ ಟು... ನಾಯಿ ಜಾಣ ಚತುಷ್ಪಾದಿ, ಸರಿ. ಯಾವುದಕ್ಕೆ ಅಟ್ಯಾಚ್ಡ್? ಬೆಳಗಿನಿಂದ ಯೋಚಿಸುತ್ತಿದ್ದೇನೆ. ಎಫ್.ಎ. ಪರೀಕ್ಷೆಯಲ್ಲೂ ಇಂಥ ಕಡೆಯೇ ನಿಂತುಹೋಗಿದ್ದೆ.

ಬೇಗ ಆಗಬೇಕು. ಫೆಬ್ರವರಿ ಒಂದಕ್ಕೆ ಮಕ್ಕಳು ಬರುತ್ತಾರೆ. ನರಸೀಪುರದಿಂದ ಅತ್ತೆ ಗುರುಸಿದ್ದಮ್ಮನವರೇ ಕರೆತರುತ್ತಾರೆ. ಗೌರಿಗೆ ಆರು, ಲಿಂಗನಿಗೆ ಎರಡೂವರೆ. ಅವರ ತಾಯಿ ತೀರಿಕೊಂಡ ಹನ್ನೆರಡನೇ ದಿನ ನಾನೇ ಗಾಡಿ ಹತ್ತಿಸಿ ಅಲ್ಲಿಗೆ ಕಳಿಸಿದ್ದು. ಎರಡು ವರ್ಷವಾಯಿತು. ಹೆಂಗಸಿಲ್ಲದ ಮನೆ, ರೆವಿನ್ಯೂ ಇಲಾಖೆಯ ಶೇಕ್ದಾರಿ ಕೆಲಸ, ತಿಂಗಳಲ್ಲಿ ಇಪ್ಪತ್ತು ದಿನ ಹಳ್ಳಿಗಳ ಮೇಲೆ ಸರ್ಕೀಟು — ಹೀಗೆ ಎಲ್ಲರಿಗೂ ಹೇಳಿದೆ. ಸುಳ್ಳಲ್ಲ. ಆದರೆ ಗೌರಿ ಅಡಿಗೆಮನೆಯಿಂದ ಹೊರಬರುವ ನಡಿಗೆ ಥೇಟ್ ಅವಳಮ್ಮ ಪುಟ್ಟಮ್ಮಣ್ಣಿಯದು. ನೋಡಲಾಗುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ.

ಹೋದ ತಿಂಗಳು ನರಸೀಪುರದಲ್ಲಿ ಅತ್ತೆ ಹೇಳಿದ್ದು: “ನಂಗೆ ಕಣ್ ಮಂಜಾಯ್ತಾ ಅವೆ ಅಳಿಯಂದ್ರೇ. ಕರ್ಕೊಂಡೋಗಿ. ಆದ್ರೆ ಹದಿನೈದು ದಿನ ನಾನೂ ಬಂದಿರ್ತೀನಿ. ಮಗೀಗೆ ಮನಸು ಇಡೀಲಿಲ್ಲ ಅಂದ್ರೆ ವಾಪಸ್ ಕರ್ಕೊಂಬತ್ತೀನಿ. ಎಳ್ದು ಕಟ್ಟಾಕಂಗಿಲ್ಲ.” ಗೌರಿ ಕಂಬ ಹಿಡಿದು ನಿಂತಿದ್ದಳು. ಒಂದೇ ಪ್ರಶ್ನೆ — “ನಿಮ್ಮನೇಲಿ ನಾಯಿ ಅದಾ?”

ನಿಮ್ಮನೇಲಿ.

ಇದೆ ಎಂದುಬಿಟ್ಟೆ. ಹೆಸರೇನು? ರಾಣಿ. ಕಚ್ಚುತ್ತಾ? ಮೇಲೆ ಕೂತರೂ ಸುಮ್ಮನಿರುತ್ತೆ. ಅವಳ ಕಣ್ಣು ಅರಳಿತು. ಇಲ್ಲದ ನಾಯಿಗೆ ಇಷ್ಟು ಗುಣ ಹೇಳಿ ಬಂದಿದ್ದೇನೆ.

೧೫ನೇ ಜನವರಿ, ಶುಕ್ರವಾರ.

ಸ್ಟೇಷನ್ನಿಗೆ ಹೋಗಿ ರೈಲ್ವೆ ಗಾರ್ಡ್ ದೊರೆಯ ಟೆರ್ರಿಯರ್ ನೋಡಿದೆ. ಮರಿ ಇದೆ, ಕೊಡುತ್ತಾನಂತೆ. ನೋಡಲು ಮುದ್ದು. ತಾಯಿನಾಯಿ ನನ್ನ ಕೋಟಿನ ಅಂಚು ಹಿಡಿದದ್ದು ಬಿಡಲೇ ಇಲ್ಲ. “ಓನ್ಲಿ ಪ್ಲೇಯಿಂಗ್” ಎಂದ ದೊರೆ. ಅಂಚು ಹರಿಯಿತು. ಕೋಟಾದರೆ ಹೊಲಿಸಬಹುದು. ಮಗುವಿನ ಕೈ?

ಅಲ್ಲಿಂದ ಕಂಟ್ರಾಕ್ಟರರ ಮನೆಗೆ. ಅವರದು ಬೇಟೆಯ ಜಾತಿ, ಸಣ್ಣ ಸೊಂಟ, ಓಡಿದರೆ ಕುದುರೆ. ಮಕ್ಕಳ ಜೊತೆ ಹೇಗೆ? ಎಂದೆ. “ಮಕ್ಕಳು ಓಡದೆ ಇದ್ರೆ ಏನೂ ಮಾಡಲ್ಲ” ಎಂದರು. ಓಡದ ಮಕ್ಕಳನ್ನು ಎಲ್ಲಿಂದ ತರಲಿ.

ನಮ್ಮ ಆಫೀಸಿನ ಜವಾನ ಚಾಮಯ್ಯ ಹಿಂದೆ ಹಿಂದೆಯೇ ಬಂದು ಹಲ್ಲು ಕಿಸಿಯುತ್ತಿದ್ದ. “ಎಣ್ಣು ನೋಡಾಕೆ ಓದಂಗೆ ಮನೆ ಮನೆಗೂ ಓಯ್ತಾ ಇದೀವಲ್ಲ ಸಾ. ಇನ್ನೊಂದ್ ಕಡೀಕೆ ಓದ್ರೆ ಉಪ್ಪಿಟ್ಟು ಕೊಡ್ತಾರೋ ಏನೋ.” ಗದರಿದೆ. ಒಳಗೆ ಮಾತ್ರ ಹೌದೆನ್ನಿಸಿತು. ಮದುವೆಗೆ ಹೆಣ್ಣು ನೋಡಿದಾಗಲೂ ಇಷ್ಟು ವಿಚಾರಿಸಿರಲಿಲ್ಲ. ಪುಟ್ಟಮ್ಮಣ್ಣಿಗೆ ನಾನು ಸರಿಹೋಗುತ್ತೇನೆಯೇ ಎಂದು ಯಾರು ವಿಚಾರಿಸಿದ್ದರು?

೨೦ನೇ ಜನವರಿ, ಬುಧವಾರ. ಹದಿನಾರು ಗ್ರಾಮದ ಕ್ಯಾಂಪ್. ಸಂಜೆ ನಾಲ್ಕು.

ಇಲ್ಲಿನ ರೈತ ಮಾದಯ್ಯನ ದರಖಾಸ್ತು. ಹೊಳೆಯಂಚಿನ ಎರಡು ಎಕರೆ ಸರ್ಕಾರಿ ಪಾಳು ತನಗೆ ಕೊಡಿ ಎಂಬ ಅರ್ಜಿ. ಜಾಗ ನೋಡಿದೆ. ಮೂರು ವರ್ಷದಿಂದ ಅವನೂ ಹೆಂಡತಿ ಮಂಚಮ್ಮನೂ ಜಾಲಿ ಮುಳ್ಳು ಕಿತ್ತು ಹಸನು ಮಾಡಿದ್ದಾರೆ. ಬೇರೆ ತಕರಾರುದಾರರಿಲ್ಲ. ಕೊಡಬಹುದಾದದ್ದೇ. ರಿಪೋರ್ಟು ನಾಳೆ ಬರೆದರೂ ಆಯಿತು.

ಅವನ ಹಟ್ಟಿಯ ಮುಂದೆ ಮಜ್ಜಿಗೆ ಕೊಟ್ಟರು. ಅಲ್ಲಿ ಕಂಡೆ. ಕಂದು ಬಣ್ಣ, ಬಿಳಿ ಕತ್ತು, ಹೆಣ್ಣು. ಯಾವ ಬ್ರೀಡೂ ಅಲ್ಲ, ನಮ್ಮೂರಿನದೇ. ಮಾದಯ್ಯನ ಮಗಳು, ನಾಲ್ಕು ವರ್ಷದ ನಿಂಗಿ, ಅದರ ಹೊಟ್ಟೆಯನ್ನು ದಿಂಬು ಮಾಡಿಕೊಂಡು ಮಲಗಿತ್ತು. ನಿದ್ದೆಯಲ್ಲಿ ಹೊರಳಿ ಕಿವಿ ಹಿಡಿದು ಜಗ್ಗಿತು. ನಾಯಿ ಕಣ್ಣು ಬಿಟ್ಟು ಮಗುವನ್ನು ನೋಡಿ ಮತ್ತೆ ಮುಚ್ಚಿತು. ಅಷ್ಟೆ. ಏಳಲಿಲ್ಲ, ಮಗು ಏಳುತ್ತದೆಂದು.

ಒಳ್ಳೇ ನಾಯಿ ಎಂದೆ.

೨೨ನೇ ಜನವರಿ, ಶುಕ್ರವಾರ. ಬೆಳಗ್ಗೆ ಆರು. ನಂಜನಗೂಡು.

ಬಾಗಿಲು ತೆಗೆದರೆ ಜಗಲಿ ಕಂಬಕ್ಕೆ ಮಾದಯ್ಯನ ನಾಯಿ. ಹೊಸ ಹಗ್ಗ. ಪಕ್ಕದಲ್ಲಿ ಬಾಳೆಯೆಲೆ ಮುಚ್ಚಿದ ಒಂದು ಕುಡಿಕೆ ತುಪ್ಪ. ತಂದವನು ನಿಲ್ಲದೆ ಹೋಗಿದ್ದಾನೆ.

ನಾನು ಕೇಳಲಿಲ್ಲ. ದೇವರಾಣೆಗೂ ಕೇಳಲಿಲ್ಲ.

೨೪ನೇ ಜನವರಿ, ಭಾನುವಾರ.

ಇದು ಯಾರೂ ಓದುವ ಪುಸ್ತಕವಲ್ಲ. ಇಲ್ಲಿ ಏತಕ್ಕೆ ಆಣೆ?

ಬುಧವಾರ ಬರೆದದ್ದು ಪೂರ್ತಿಯಲ್ಲ. ಮಜ್ಜಿಗೆ ಕುಡಿಯುವಾಗ ಒಂದು ಸಾರಿ ಹೊಗಳಿದೆ. ಕುದುರೆ ಹತ್ತುವ ಮೊದಲು, “ಇಂಥ ನಾಯಿ ನಮ್ಮ ಮಕ್ಕಳಿಗೆ ಸಿಕ್ಕಿದ್ದರೆ” ಎಂದೆ. ಊರ ಬಾಗಿಲ ತನಕ ಮಾದಯ್ಯ ಕಳಿಸಲು ಬಂದಾಗ, ಜಮೀನಿನ ಮಾತಾಡುವುದು ಬಿಟ್ಟು, ಅದಕ್ಕೆಷ್ಟು ವರ್ಷ, ಮರಿ ಹಾಕಿದೆಯೇ ಎಂದು ಕೇಳಿದೆ. ಅವನ ಮುಖದಲ್ಲಿ ಒಂದು ಬದಲಾವಣೆ ಆಯಿತು. ಕಂಡೆ. ಕಂಡದ್ದನ್ನು ಬರೆಯಲಿಲ್ಲ.

ಇಪ್ಪತ್ತು ವರ್ಷದ ಸರ್ವಿಸ್. ಶೇಕ್ದಾರರು ಹಳ್ಳಿಯಲ್ಲಿ ಹಲಸಿನಕಾಯಿ ಚೆನ್ನಾಗಿದೆ ಎಂದರೆ ಬೆಳಗಾಗುವುದರೊಳಗೆ ಹಲಸಿನಕಾಯಿ ಅವರ ಮನೆ ಮುಂದೆ ಇರುತ್ತದೆ. ಯಾರೂ ಕೇಳುವುದಿಲ್ಲ, ಯಾರೂ ಕೊಟ್ಟೆ ಎನ್ನುವುದಿಲ್ಲ. ಪುಟ್ಟಮ್ಮಣ್ಣಿ ಇದ್ದಾಗ ಅಂಥದ್ದೆಲ್ಲ ಅದೇ ಸಂಜೆ ವಾಪಸ್ಸು — ಬರಿಗೈಲಲ್ಲ, ಒಂದು ಸೇರು ಅಕ್ಕಿಯೋ ಎಲೆ ಅಡಿಕೆಯೋ ಜೊತೆಗಿಟ್ಟು, ಮರ್ಯಾದೆಯಾಗಿ. “ಹಳ್ಳಿಗೆ ಹೋದ್ರೆ ಏನನ್ನೂ ಹೊಗಳಬೇಡಿ. ಹೊಗಳಲೇಬೇಕು ಅಂದ್ರೆ ಮಳೇನ ಹೊಗಳಿ” ಎನ್ನುತ್ತಿದ್ದಳು.

ಚಾಮಯ್ಯನನ್ನು ಕೇಳಿದೆ, ಮಾದಯ್ಯನಿಗೆ ನೀನೇನಾದರೂ ಹೇಳಿದೆಯಾ ಎಂದು. “ನಾನ್ಯಾಕ್ ಯೋಳ್ಲಿ ಸಾ? ಒಂದ್ ಸಾರಿ ಅಂದ್ರೆ ಬಾಯ್ಮಾತು. ಮೂರ್ ಸಾರಿ ಅಂದ್ಮೇಲೂ ಕಾಗ್ದುದಲ್ಲಿ ಬರ್ಕೊಡ್ಬೇಕಾ?”

ಮಕ್ಕಳಿಗೆ ಒಗ್ಗುವ ನಾಯಿ ಯಾವುದೆಂದು ಊರೆಲ್ಲ ಅಲೆದೆ. ಅದು ಯಾವಾಗಲೂ ಬೇರೆ ಮಕ್ಕಳ ಹತ್ತಿರವೇ ಇರುತ್ತದೆ. ಇಲ್ಲದಿದ್ದರೆ ಒಗ್ಗುತ್ತದೆಂದು ತಿಳಿಯುವುದಾದರೂ ಹೇಗೆ.

ಎರಡು ದಿನದಿಂದ ಅನ್ನ ಮುಟ್ಟಿಲ್ಲ. ನಾಯಿ. ನಾನು ಉಂಡೆ.

ಇವತ್ತೇ ವಾಪಸ್ಸು ಕಳಿಸಬೇಕು. ಇನ್ನು ಎಂಟು ದಿನ, ಮಕ್ಕಳು ಬರುತ್ತಾರೆ...

೧ನೇ ಫೆಬ್ರವರಿ, ಸೋಮವಾರ.

ಕಳಿಸಲಿಲ್ಲ.

ಮಧ್ಯಾಹ್ನ ಎರಡಕ್ಕೆ ಗಾಡಿ ಬಂತು. ಲಿಂಗ ನನ್ನನ್ನು ಕಂಡು ಅಜ್ಜಿಯ ಸೆರಗಿನೊಳಗೆ ಸೇರಿಕೊಂಡ. ಗೌರಿ ಇಳಿದವಳು ನನ್ನ ಕಡೆ ನೋಡಲೇ ಇಲ್ಲ, ಜಗಲಿಗೆ ಓಡಿದಳು. ನಾಯಿ ಎದ್ದು ನಿಂತಿತು. ಮೂಸಿತು. ಹತ್ತು ದಿನದಿಂದ ಅಲ್ಲಾಡದ ಬಾಲ ಅಲ್ಲಾಡಿತು. ಮಗುವಿನ ವಾಸನೆ ಮಗುವಿನದೇ, ಯಾರದಾದರೇನು. ಗೌರಿ ಅದರ ಕತ್ತು ತಬ್ಬಿಕೊಂಡು ನಕ್ಕಳು. ಈ ಮನೆಯಲ್ಲಿ ಆ ಸದ್ದು ಕೇಳಿ ಎರಡು ವರ್ಷ. ನಾನು ಒಳಗೆ ಹೋಗಿ ಸುಮ್ಮನೆ ನೀರಿನ ಹಂಡೆಯ ಹತ್ತಿರ ನಿಂತಿದ್ದೆ.

ಸಂಜೆ ಬಂದು ಕೇಳಿದಳು, “ರಾಣೀ ಅಂದ್ರೆ ತಿರುಗೋದೇ ಇಲ್ಲ. ಅದಕ್ಕೆ ಅದರ ಹೆಸರೇ ಗೊತ್ತಿಲ್ವಾ?”

ಕಿವಿ ಸ್ವಲ್ಪ ಮಂದ ಎಂದೆ.

ಇನ್ನೊಂದು. ಮಾದಯ್ಯನ ಅರ್ಜಿ ರಿಪೋರ್ಟಿಲ್ಲದೆ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ನಾಯಿ ಅಂಗಳದಲ್ಲಿರುವಾಗ ಬರೆದು ಕಳಿಸಿದರೆ ನಾಯಿಗಾಗಿ ಕಳಿಸಿದಂತೆ. ಇಟ್ಟುಕೊಂಡರೆ ಅವನಿಗೆ ಅನ್ಯಾಯ. ಕಾನ್‌ಷಿಯೆನ್ಸ್, ಅಂತಃಸಾಕ್ಷಿ — ಸ್ಪೆಲಿಂಗ್ ನೆನಪಿದೆ, ಉಳಿದದ್ದು ಇಲ್ಲ.

೪ನೇ ಫೆಬ್ರವರಿ, ಗುರುವಾರ.

ಲಿಂಗ ನಾಯಿಯ ಮೇಲೆ ಕೂತು ಹೈ ಹೈ ಎನ್ನುತ್ತಾನೆ. ಅದು ನಿಂತೇ ಇರುತ್ತದೆ. ಅತ್ತೆ ಮಂಜುಗಣ್ಣಿನಲ್ಲೇ ನೋಡಿ, “ಇದು ಮಕ್ಕಳ ಜೊತೇಲಿ ಬೆಳೆದ್ ನಾಯಿ” ಎಂದರು. ನಾನು ಪೇಪರು ಓದುತ್ತಿದ್ದೆ. ಓದುತ್ತಲೇ ಇದ್ದೆ.

ಗೌರಿ ಎಲ್ಲವನ್ನೂ ನೋಡುವ ಹುಡುಗಿ. ಹಗ್ಗ ಬಿಚ್ಚಿದಾಗಲೆಲ್ಲ ನಾಯಿ ಬೀದಿಯ ತುದಿಗೆ ಹೋಗಿ ಹದಿನಾರಿಗೆ ಹೋಗುವ ಮೂಡಲ ದಾರಿಗೆ ಮುಖ ಮಾಡಿ ಕೂರುತ್ತದೆ. ಕರೆದರೆ ಬರುತ್ತದೆ, ಮತ್ತೆ ಹೋಗುತ್ತದೆ. ಸಂಜೆ ನನ್ನ ಕುರ್ಚಿಯ ಪಕ್ಕ ಬಂದು ನಿಂತಳು. ತಾನಾಗಿ ಬಂದದ್ದು ಇದೇ ಮೊದಲು.

“ಇದರ ಅಮ್ಮಾನೂ ಸತ್ತೋದ್ಲಾ?”

“ಯಾಕಮ್ಮಾ?”

“ಮತ್ತೆ ಯಾಕೆ ಇಲ್ಲಿಗೆ ಕಳಿಸಿದ್ರು?”

ಶೇಕ್ದಾರಿ ಮಾಡುವವನಿಗೆ ಉತ್ತರಗಳಿಗೆ ಬರವಿಲ್ಲ. ಅವನ್ನೆಲ್ಲ ಬದಿಗಿಟ್ಟು ಅವಳನ್ನು ಎದುರಿಗೆ ಕೂರಿಸಿಕೊಂಡೆ. ಆಮೇಲೆ ಹೇಳಿದೆ, ಎಲ್ಲವನ್ನೂ — ನಾಯಿ ಇರಲಿಲ್ಲ, ಸುಳ್ಳು ಹೇಳಿದ್ದೆ, ಹದಿನಾರಿನಲ್ಲಿ ನಿಂಗಿ ಎಂಬ ಮಗು ಇದೆ, ಇದು ಅವಳದು, ಅವರಪ್ಪ ನನಗೆ ಹೆದರಿ ಕೊಟ್ಟ. ಆರು ವರ್ಷದವಳಿಗೆ ಎಷ್ಟು ತಿಳಿಯಿತೋ. “ಅಂಗಾದ್ರೆ ಕೊಟ್ಬುಡಿ” ಎಂದಳು.

ಕೊಟ್ಟರೆ ನೀನು ಇರುತ್ತೀಯಾ ಎಂದು ಕೇಳಿದೆ. ಕೇಳಬಾರದಿತ್ತು. ಎದ್ದು ಅಜ್ಜಿಯ ಹತ್ತಿರ ಹೋದಳು.

೭ನೇ ಫೆಬ್ರವರಿ, ಭಾನುವಾರ.

ಹದಿನಾರಿಗೆ ನಾಯಿ ಕರೆದುಕೊಂಡು ಹೋದೆ. ವಾಪಸ್ಸು ನಾಯಿಯ ಜೊತೆಯೇ ಬಂದೆ.

ಹೀಗಾಯಿತು. ಊರು ಇನ್ನೂ ಅರ್ಧ ಮೈಲಿ ಇರುವಾಗಲೇ ಅದು ಹಗ್ಗ ಜಗ್ಗತೊಡಗಿತು. ಹಟ್ಟಿಯ ಮುಂದೆ ಮಾದಯ್ಯ ಹುರಿ ಹೊಸೆಯುತ್ತಿದ್ದ. ನಾಯಿಯನ್ನೂ ನನ್ನನ್ನೂ ಒಟ್ಟಿಗೆ ಕಂಡು ಅವನ ಮುಖದ ಬಣ್ಣವೇ ಹೋಯಿತು. ಬಂದವನೇ ಕಾಲಿಗೆ ಬಿದ್ದ.

“ಏನ್ ತೆಪ್ಪಾಯ್ತು ಬುದ್ಧೀ? ಕಚ್ಚುಬುಡ್ತಾ? ಮಕ್ಕಳ್ನ ಕಚ್ಚುಬುಡ್ತಾ?”

“ಇಲ್ಲ ಮಾರಾಯ, ಏಳು. ನಾಯಿ ನಿನ್ನದು. ಇಟ್ಕೋ.”

“ಅಂಗನ್ಬೇಡಿ ಬುದ್ಧಿ. ಜಮೀನು ಆಗಾಕಿಲ್ಲ ಅಂತ್ಲಾ? ಮೂರೊರ್ಸ ಮುಳ್ ಕಿತ್ತಿವ್ನಿ. ನಾಯಿ ಸಾಲ್ದು ಅಂದ್ರೆ ಕರಾನೂ ಒಡ್ಕೊಂಡೋಗಿ.” ಒಳಗೆ ತಿರುಗಿ ಕೂಗಿದ, “ಏ ಮಂಚೀ, ಆ ಕರಾ ಬಿಚ್ಚೇ!”

ಮಂಚಮ್ಮ ನಿಜವಾಗಿಯೂ ಕರುವಿನ ಹಗ್ಗಕ್ಕೆ ಕೈ ಹಾಕಿದಳು. ಅವಳ ಹಿಂದೆ ನಿಂಗಿ. ಮಗು ಅಳಲಿಲ್ಲ, ನಾಯಿಯ ಹತ್ತಿರ ಬರಲೂ ಇಲ್ಲ. ಬರಬಾರದೆಂದು ಹೇಳಿಕೊಟ್ಟಿದ್ದಾರೆ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿತ್ತು.

ನಾಯಿ ಬಂದ ದಿನ ಸಂಜೆಯೇ ಹಿಂದಿರುಗಿಸಿದ್ದರೆ ಮರ್ಯಾದೆಯಾಗುತ್ತಿತ್ತು. ಹದಿನೈದು ದಿನ ಇಟ್ಟುಕೊಂಡು ಬರಿಗೈಲಿ ತಂದು ಬಿಟ್ಟರೆ ಅರ್ಜಿ ತಳ್ಳಿದೆ ಎಂದೇ ಅರ್ಥ. ನನಗೇ ಹೊಳೆಯಲಿಲ್ಲ. ರಿಪೋರ್ಟು ತಡವಾದದ್ದನ್ನೂ ಅವನು ಹಾಗೆಯೇ ಓದಿಕೊಂಡಿದ್ದಾನೆ — ನಾಯಿ ಸಾಲಲಿಲ್ಲ ಎಂದು. ಜಮೀನು ನಿನಗೇ ಬರೆಯುತ್ತೇನೆ ಎಂದೆ. “ಅಂಗಾದ್ರೆ ನಾಯೀನ ಯಾಕ್ ಬುಟ್ಟೋಯ್ತೀರಿ?” ಎಂದ. ಅವನ ತರ್ಕದಲ್ಲಿ ಲೋಪವಿಲ್ಲ. ಹತ್ತು ಹದಿನೈದು ಜನ ಸೇರಿದರು. ಹಗ್ಗವನ್ನು ಅವನೇ ನನ್ನ ಕೈಗೆ ಸುತ್ತಿದ.

ದಾರಿಯುದ್ದಕ್ಕೂ ನಾಯಿ ತಿರುಗಿ ತಿರುಗಿ ನೋಡುತ್ತಿತ್ತು. ಎಳೆಯಬೇಕಾಯಿತು. ಎಳೆದೆ.

ಗೌರಿ ಬಾಗಿಲಲ್ಲಿದ್ದಳು. ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು.

೯ನೇ ಫೆಬ್ರವರಿ, ಮಂಗಳವಾರ.

ಅತ್ತೆಗೆ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದಿದ್ದೆ. ರಾಗಿ ಆರಿಸುತ್ತಲೇ ಕೇಳಿದರು, “ನಿಮ್ ಕಡೆ ಹಸ ಕರಾನ ವಾರುಕ್ ಕೊಡಾಕಿಲ್ವಾ?”

ಕೊಡುತ್ತೇವೆ. ಸಾಕಲಾಗದವನು ತನ್ನ ಹಸುವನ್ನು ಬೇರೆಯವನ ಮನೆಯಲ್ಲಿ ಕಟ್ಟುತ್ತಾನೆ. ಅವನು ಸಾಕುತ್ತಾನೆ, ಹಾಲು ಅವನದು, ಹುಟ್ಟಿದ ಕರುಗಳಲ್ಲಿ ಇವನಿಗೆ ಪಾಲು. ಅದು ವಾರ. ಕೊಟ್ಟವನೂ ಸಣ್ಣವನಾಗುವುದಿಲ್ಲ, ಇಟ್ಟುಕೊಂಡವನೂ ಆಗುವುದಿಲ್ಲ.

“ನಾಯೀನ ವಾರುಕ್ ಕೊಡಿ. ಮರಿ ಆಕ್ದಾಗ ಒಂದು ನಮ್ಗೆ. ವಾಪಸ್ ಕೊಟ್ಟಂಗೂ ಆಗ್ಬಾರ್ದು, ಇಲ್ಲಿ ಇರಾನೂ ಇರ್ಬಾರ್ದು.” ಆಮೇಲೆ, “ಮೊದ್ಲು ಅವುನ್ ಕಾಗ್ದ ಕಳ್ಸಿ” ಎಂದರು.

ರಿಪೋರ್ಟು ಬರೆದು ತಾಲ್ಲೂಕಿನ ಅಮಲ್ದಾರರಿಗೆ ಕಳಿಸಿದೆ. ರೆಕಮೆಂಡೆಡ್. ನಾಯಿ ಇಲ್ಲದಿದ್ದರೂ ಇದನ್ನೇ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಎಂದು ನನಗೆ ನಾನೇ ನಾಲ್ಕು ಸಾರಿ ಹೇಳಿಕೊಂಡೆ. ಆದರೆ ಮಾದಯ್ಯ ಸಾಯುವ ತನಕ ನಂಬುವುದು ಒಂದೇ — ನಾಯಿ ಕೊಟ್ಟೆ, ನೆಲ ಬಂತು. ಇನ್ನೊಬ್ಬ ಶೇಕ್ದಾರ ಬಂದಾಗ ಮಗಳಿಗೂ ಅದನ್ನೇ ಕಲಿಸುತ್ತಾನೆ. ಅದನ್ನು ಯಾವ ಕಾಗದದಲ್ಲಿ ತಿದ್ದಲಿ?

೧೪ನೇ ಫೆಬ್ರವರಿ, ಭಾನುವಾರ. ಹದಿನಾರು. ಸಂಜೆ.

ಮಾದಯ್ಯನ ಜಗಲಿಯ ಮೇಲೆ ಕೂತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಬೇರೇನೂ ಮಾಡಲು ತೋಚುತ್ತಿಲ್ಲ.

ಹದಿನೈದು ದಿನದ ವಾಯಿದೆ ಇವತ್ತಿಗೆ ಮುಗಿಯಿತು. ಅತ್ತೆ ನರಸೀಪುರಕ್ಕೆ ಹೊರಟರು. ಹೇಗೂ ದಾರಿಯಲ್ಲೇ ಈ ಊರು. ಎರಡು ಗಾಡಿಯಲ್ಲಿ ಬಂದೆವು, ಅವರದೊಂದು ನನ್ನದೊಂದು. ನಾಯಿ, ಮಕ್ಕಳು, ಎಲ್ಲರೂ.

ಮಾತೆಲ್ಲ ಅತ್ತೆಯೇ ಆಡಿದರು. ಮಾದಯ್ಯ ತಲೆ ಕೆರೆದುಕೊಂಡ. “ಎಮ್ಮೆ ಕೊಡ್ತಾರೆ, ಕುರಿ ಕೊಡ್ತಾರೆ. ನಾಯೀನ ವಾರುಕ್ ಕೊಡೋರ್ನ ಇವತ್ತೇ ಕಂಡಿದ್ದು ಕಣವ್ವ.”

“ಕಂಡ್ಯಲ್ಲ. ಇಡ್ಕೋ.”

“ಮರಿ ಎಣ್ಣು ಬೇಕೋ ಗಂಡು ಬೇಕೋ?”

“ಮೊಮ್ಮಗಳು ಬಂದು ಆರುಸ್ಕೊತಾಳೆ. ಕಣ್ ಬಿಟ್ಮೇಲೆ ಯೋಳ್ಕಳ್ಸು. ಸುಳ್ ಲೆಕ್ಕ ಯೋಳ್ಬ್ಯಾಡ, ನಾಲ್ಕ್ ಆಕಿದ್ರೆ ನಾಲ್ಕು ಅನ್ಬೇಕು.”

ಜನ ನಕ್ಕರು. ಮಾದಯ್ಯನೂ ನಕ್ಕ. ಎಲೆ ಅಡಿಕೆ ಇಟ್ಟು, ಹಗ್ಗವನ್ನು ಪಂಚೆಯ ಸೆರಗಿನಲ್ಲಿ ಹಿಡಿದು, ಹಸು ಕೊಡುವಂತೆಯೇ ಕೊಟ್ಟೆ. ಅವನು ಟವಲು ಒಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ರಿಪೋರ್ಟು ಹೋಗಿದೆ ಎಂದೂ ಹೇಳಿದೆ. “ಎಲ್ಲಾ ನಿಮ್ ದಯ ಬುದ್ಧಿ” ಎಂದ. ಅವನ ನೆಲ, ಅವನ ನಾಯಿ, ನನ್ನ ದಯೆ. ತಲೆ ತಗ್ಗಿಸಿದೆ. ವಿನಯವೆಂದುಕೊಂಡರೇನೋ.

ಹಗ್ಗ ಬಿಚ್ಚಿದ್ದೇ ತಡ, ನಿಂಗಿ ಹಿತ್ತಲಿನಿಂದ “ಬೆಳ್ಳೀ” ಎಂದಿತು. ನಾಯಿ ಹೋದ ರಭಸಕ್ಕೆ ಮಗು ಬಿದ್ದೇಹೋಯಿತು. ಗೌರಿ ನಿಂತು ನೋಡಿದಳು. ನನ್ನ ಕಡೆ ತಿರುಗುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಇಲ್ಲ. ಮೆಲ್ಲಗೆ ಅವರಿಬ್ಬರ ಹತ್ತಿರ ಹೋದಳು. ಆಗಿನಿಂದ ಹೊಲದಲ್ಲೇ ಇದ್ದಾರೆ, ಹುರುಳಿ ಮೆದೆಯ ಹಿಂದೆ. ಒಂದೊಂದು ಸಲ ತಲೆ ಕಾಣುತ್ತದೆ.

ಎರಡು ಗಾಡಿಗೂ ಎತ್ತು ಕಟ್ಟಿ ಆಗಿದೆ. ಒಂದರ ಮುಖ ನರಸೀಪುರದ ಕಡೆಗೆ, ಒಂದರದು ನಂಜನಗೂಡಿಗೆ. ಲಿಂಗ ಅಜ್ಜಿಯ ಮಡಿಲಲ್ಲಿ ನಿದ್ದೆ. ಅವನನ್ನು ಅಕ್ಕ ಹೋದ ಕಡೆಗೇ ಕಳಿಸುವುದು, ಬೇರೆ ಮಾಡಬಾರದು, ಎಂದಾಗಿದೆ. ಗೌರಿಗೆ ಇಂಥ ಗಾಡಿ ಹತ್ತು ಎಂದು ನಾನು ಹೇಳಕೂಡದು. ಅತ್ತೆಯ ಕಟ್ಟಪ್ಪಣೆ. “ಒಂದ್ ಸಾರಿ ನೀವೇ ಅತ್ತುಸುದ್ರಿ. ಈಗ ಅವ್ಳೇ ಅತ್ಲಿ.”

ಸರಿಯಾದ ಮಾತು. ಬರೀ ಹೆಸರು ಹಿಡಿದು ಕರೆಯಬೇಕು, ಅಷ್ಟೆ. ಅರ್ಧ ಗಂಟೆಯಿಂದ ಕರೆದಿಲ್ಲ. ಕರೆಯದಿದ್ದಷ್ಟು ಹೊತ್ತು ಅವಳಿನ್ನೂ ಎಲ್ಲಿಗೂ ಹೋಗಿಲ್ಲ. ಅತ್ತೆ ಗಾಡಿಯಿಂದ ಎರಡು ಸಲ ಕೆಮ್ಮಿದರು.

ಈಗ ನಾಯಿ ತೋರಿಸಿ ಆಸೆ ಹುಟ್ಟಿಸುವ ಹಾಗಿಲ್ಲ. ಮರಿಯ ಮಾತೆತ್ತಿದರೆ ಅದೂ ಲಂಚವೇ. ನಾನು, ಆ ಮನೆ, ಇಷ್ಟೇ ಇರುವುದು. ಯಾವ ಮಗುವಾದರೂ ಏತಕ್ಕೆ—

ಬೆಳಕು ಹೋಗುತ್ತಿದೆ. ಬರೆದ ಸಾಲು ಒಂದರ ಮೇಲೊಂದು ಹತ್ತುತ್ತಿದೆ. ಮೆದೆಯ ಹಿಂದಿನಿಂದ ಯಾರೋ ಎದ್ದರು. ಲಂಗ ಕೊಡವಿಕೊಳ್ಳುತ್ತಿದ್ದಾಳೆ. ಗೌರಿಯೇ. ಇಲ್ಲ, ಇನ್ನು ತಡಮಾಡಬಾರದು, ಕರೆಯುತ್ತೇ—